ಅಸೀಲ್ ಕೋಳಿ: ತತ್ತಿ, ಕಾವು ಮತ್ತು ಹುಂಜದ ಲೆಕ್ಕ

(ಕಮಲಾಪುರದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕಮಲಾಪುರಕ್ಕೆ ಬಂದು ಮಾತನಾಡುವವನು ಕೆಂಪು ಬಾಳೆಯಿಂದ ಆರಂಭಿಸದಿದ್ದರೆ ನೀವು ಒಪ್ಪಲಾರಿರಿ. ನಿಮ್ಮ ಬಾಳೆಗೆ ಭೌಗೋಳಿಕ ಸೂಚಿ ದೊರೆತಿದೆ. ನಮ್ಮ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ದೊರೆಯಿತು. ಇವೆರಡರಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿರಿ. ಬಾಳೆಯನ್ನು ಕಂದಿನಿಂದ ಬೆಳೆಸುತ್ತೇವೆ. ತಾಯಿ ಗಿಡ ಹೇಗೋ ಕಂದೂ ಹಾಗೆಯೇ. ಪಕ್ಕದ ಹೊಲದಲ್ಲಿ ಯಾವ ಬಾಳೆ ಇದ್ದರೂ ನಿಮ್ಮ ಕೆಂಪು ಬಾಳೆ ಕೆಂಪಾಗಿಯೇ ಇರುತ್ತದೆ. ತೊಗರಿ ಹಾಗಲ್ಲ. ಜೇನುನೊಣ ಒಂದು ಹೊಲದ ಪರಾಗವನ್ನು ಇನ್ನೊಂದು ಹೊಲಕ್ಕೆ ಒಯ್ಯುತ್ತದೆ. ಆದುದರಿಂದಲೇ ಬೀಜೋತ್ಪಾದನೆ ಮಾಡುವ ರೈತನಿಗೆ ಬೇರೆ ತಳಿಯ ತೊಗರಿಯಿಂದ ಇಂತಿಷ್ಟು ದೂರ ಬಿಟ್ಟು ಬಿತ್ತಬೇಕೆಂದು ಹೇಳುತ್ತೇವೆ. ಕೋಳಿ ತೊಗರಿಗಿಂತಲೂ ಒಂದು ಹೆಜ್ಜೆ ಮುಂದೆ. ತೊಗರಿ ಹೊಲಕ್ಕೆ ಕಾಲಿಲ್ಲ, ನೆರೆಮನೆಯ ಹುಂಜಕ್ಕೆ ಇದೆ.

ನಾನು ಬೇಸಾಯ ಶಾಸ್ತ್ರದ ಅಧ್ಯಾಪಕ, ಪಶುವೈದ್ಯನಲ್ಲ. ಸಮಗ್ರ ಬೇಸಾಯ ಪದ್ಧತಿಯಲ್ಲಿ ಕೋಳಿಯೂ ಒಂದು ಅಂಗವಾದ್ದರಿಂದ ಅದರ ಜೊತೆ ನನ್ನ ಸಂಬಂಧ ಬೆಳೆಯಿತು. ರೋಗದ ಔಷಧಿಯ ವಿಷಯವನ್ನು ವೈದ್ಯರನ್ನೇ ಕೇಳಿರಿ. ತಳಿ ಕಾಯುವ ವಿಷಯ ಮಾತ್ರ ಬೀಜದ ವಿಷಯವೇ ಆಗಿರುವುದರಿಂದ ಈ ದಿನ ಅಸೀಲ್ ಕೋಳಿಯನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಅಸೀಲ್ ಎಂಬುದು ಅರಬ್ಬಿ ಮೂಲದ ಮಾತು. ಅಸಲು, ಅಸಲಿ ಎಂದು ನಾವು ದಿನವೂ ಆಡುವ ಮಾತುಗಳು ಅದರ ಬಳಗದವೇ. 1956ರವರೆಗೆ ಹೈದರಾಬಾದಿನ ಆಡಳಿತದಲ್ಲಿದ್ದ ನಮ್ಮ ಭಾಗಕ್ಕೆ ಈ ಹೆಸರು ಹೊಸದಲ್ಲ. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರದ ತಳಿ ಪಟ್ಟಿಯಲ್ಲಿ ಅಸೀಲ್‌ಗೆ ಆಂಧ್ರ, ಒಡಿಶಾ, ಛತ್ತೀಸಗಡಗಳನ್ನು ತವರೆಂದು ಬರೆದಿದೆ. ಅದೇ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಸೇರಿರುವ ಕೋಳಿ ಘಾಗಸ್. ಅದು ಕೋಲಾರ ಮತ್ತು ಆಂಧ್ರದ ಗಡಿಯ ಕಡೆಯದು. ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉಳಿದಿರುವುದು ಅಸೀಲ್, ಮತ್ತು ಅಸೀಲ್‌ನ ರಕ್ತವಿರುವ ಜವಾರಿ ಕೋಳಿ.

ಇದನ್ನು ಗುರುತಿಸುವುದು ಕಷ್ಟವಲ್ಲ. ನೆಟ್ಟಗೆ ನಿಂತ ಮೈ, ಉದ್ದ ಕುತ್ತಿಗೆ, ಉದ್ದವಾದ ಬಲಿಷ್ಠ ಕಾಲು, ಮೈಗೆ ಬಿಗಿಯಾಗಿ ಅಂಟಿದ ಗಟ್ಟಿ ಪುಕ್ಕ. ಜುಟ್ಟು ಎತ್ತರದ ಗರಗಸದಂತಿರುವುದಿಲ್ಲ. ಬಟಾಣಿ ಕಾಳು ಸಾಲಾಗಿ ಜೋಡಿಸಿದಂತೆ ಗಿಡ್ಡಗೆ ತಲೆಗೆ ಅಂಟಿಕೊಂಡಿರುತ್ತದೆ. ಗಲ್ಲದ ಕೆಳಗಿನ ಜೋಲು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದು. ಬಣ್ಣದಿಂದ ಹೆಸರುಗಳು ಬೇರೆ: ಹೊಂಬಣ್ಣದ ಕೆಂಪು ಪೀಲಾ, ಕಪ್ಪು ಕೆಂಪು ಬೆರೆತದ್ದು ಯಾಕೂಬ್, ಬಿಳಿಯದು ನೂರಿ, ಕಪ್ಪು ಕಾಗರ್. ಬೆಳೆದ ಹುಂಜ ನಾಲ್ಕು ಕಿಲೋ ತೂಗಬಲ್ಲದು.

ತತ್ತಿಯ ವಿಷಯದಲ್ಲಿ ನಿಮ್ಮನ್ನು ಆಸೆಗೆ ಹಚ್ಚಲಾರೆ. ಅಸೀಲ್ ಹೇಂಟೆ ವರ್ಷಕ್ಕೆ ನೂರು ತತ್ತಿ ಮುಟ್ಟುವುದಿಲ್ಲ. ಫಾರಂಗಳಲ್ಲಿ ಸಾಕುವ ತತ್ತಿ ಕೋಳಿ 300 ದಾಟುತ್ತದೆ. ತತ್ತಿ ಮಾರಿ ಬದುಕಬೇಕೆನ್ನುವವರು ಅಸೀಲ್ ಸಾಕಬಾರದು. ಆದರೆ ಮಾಂಸಕ್ಕೆ ಇದು ಹೆಸರಾದ ಕೋಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು ಹಿಂದುಸ್ತಾನದ ಅಸೀಲ್ ಹುಂಜಗಳನ್ನು ಒಯ್ದು ತಮ್ಮ ಕೋಳಿಗಳೊಡನೆ ಕೂಡಿಸಿ ಕಾರ್ನಿಷ್ ಎಂಬ ತಳಿ ಮಾಡಿದರು. ಇಂದು ಲೋಕದಾದ್ಯಂತ ತಿನ್ನುವ ಬ್ರಾಯ್ಲರ್‌ನ ಎದೆಯ ಮಾಂಸ ಆ ಕಾರ್ನಿಷ್ ತಳಿಯಿಂದ ಬಂದುದು. ಅಸೀಲ್ ಬಡ ಕೋಳಿ ಎಂದು ಯಾರಾದರೂ ಅಂದರೆ ಇದನ್ನು ಹೇಳಿರಿ.

ಇನ್ನೊಂದು ಗುಣ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕೂ ದೊಡ್ಡದು, ಈ ಹೇಂಟೆ ಕಾವಿಗೆ ಕೂಡುತ್ತದೆ. ಕೂತರೆ ಬೆಕ್ಕು ಬಂದರೂ ಏಳುವುದಿಲ್ಲ. ಮರಿಗಳನ್ನು ಹದ್ದಿನಿಂದ ಕಾಯುವ ತಾಯಿ ಇದರಂತೆ ಇನ್ನೊಂದಿಲ್ಲ. ಹೆಬ್ಬಾಳದ ಗಿರಿರಾಜ, ಹೈದರಾಬಾದಿನ ವನರಾಜ ಮೊದಲಾದ ಸುಧಾರಿತ ಕೋಳಿಗಳು ಬೇಗ ಬೆಳೆಯುತ್ತವೆ, ಹೆಚ್ಚು ತತ್ತಿ ಕೊಡುತ್ತವೆ. ಅವುಗಳನ್ನು ನಾನು ತೆಗಳುವವನಲ್ಲ. ಎಷ್ಟೋ ಮನೆಗಳಿಗೆ ಅವುಗಳಿಂದ ಉಪಕಾರವಾಗಿದೆ. ಆದರೆ ಹೆಚ್ಚು ತತ್ತಿಗಾಗಿ ಆರಿಸುತ್ತ ಹೋದಂತೆ ಕಾವಿನ ಗುಣ ಕಡಿಮೆಯಾಗುತ್ತದೆ. ಕಾವಿಗೆ ಕೂತ ಹೇಂಟೆ ತತ್ತಿ ಇಡುವುದಿಲ್ಲವಲ್ಲ. ಹೀಗಾಗಿ ಆ ಮರಿಗಳನ್ನು ಪ್ರತಿ ಸಲವೂ ಕೇಂದ್ರದಿಂದಲೇ ತರಬೇಕು. ಸಂಕರಣ ಜೋಳದ ಬೀಜವನ್ನು ಪ್ರತಿವರ್ಷ ಕೊಳ್ಳುವಂತೆಯೇ ಇದು. ತೊಂದರೆ ಬರುವುದು ಗಿರಿರಾಜ ಹುಂಜವನ್ನು ಹಿತ್ತಲಿನ ಜವಾರಿ ಹೇಂಟೆಗಳ ನಡುವೆ ಬಿಟ್ಟಾಗ. ಮೊದಲ ಪೀಳಿಗೆಯ ಮರಿಗಳು ದಷ್ಟಪುಷ್ಟವಾಗಿ ಕಾಣುತ್ತವೆ, ಮನೆಯವರು ಹಿಗ್ಗುತ್ತಾರೆ. ಅವುಗಳನ್ನೇ ಮತ್ತೆ ಮರಿ ಮಾಡಿಸಿದರೆ ಒಂದು ದೊಡ್ಡದು, ಒಂದು ಸಣ್ಣದು, ಒಂದು ಕಾವಿಗೆ ಕೂಡುವುದು, ಒಂದು ಹತ್ತು ದಿನಕ್ಕೆ ಎದ್ದು ಹೋಗುವುದು. ಹಳೆಯದೂ ಕೈಬಿಟ್ಟಿತು, ಹೊಸದೂ ನಿಲ್ಲಲಿಲ್ಲ.

ಕಲಬುರಗಿಯ ಪೇಟೆಯಲ್ಲಿ ಜವಾರಿ ಎಂದು ಹೇಳಿದರೆ ಗಿರಾಕಿ ಹೆಚ್ಚು ಹಣ ಕೊಡುತ್ತಾನೆ. ಫಾರಂನಲ್ಲಿ ಬೆಳೆದ ಬಣ್ಣದ ಕೋಳಿಯೂ ಜವಾರಿ ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಬಣ್ಣ ನೋಡಿ ಕೊಳ್ಳುವವನಿಗೆ ವ್ಯತ್ಯಾಸ ತಿಳಿಯದು. ಕಡಕನಾಥದಲ್ಲೂ ಇದೇ ಕಥೆ. ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ ಆ ಕರಿಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿ ದೊರೆತ ಮೇಲೆ ಮರಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಕರಿ ಚರ್ಮದ ಗುಣ ಪ್ರಬಲವಾದುದು. ಮಿಶ್ರ ಮರಿಯೂ ಕಪ್ಪಾಗಿ ಕಾಣಬಹುದು. ಕಪ್ಪಗಿದ್ದ ಮಾತ್ರಕ್ಕೆ ಕಡಕನಾಥವಲ್ಲ. 2019ರಲ್ಲಿ ನೆರೆಯ ಮಹಾರಾಷ್ಟ್ರದಲ್ಲಿ, ಮರಿ ಕೊಟ್ಟು ತತ್ತಿ ಮರಳಿ ಕೊಳ್ಳುತ್ತೇವೆಂದು ರೈತರಿಂದ ಹಣ ಕಟ್ಟಿಸಿಕೊಂಡ ಪ್ರಕರಣ ಪೊಲೀಸರವರೆಗೆ ಹೋಯಿತು. ಮರಳಿ ಕೊಳ್ಳುತ್ತೇವೆ ಎನ್ನುವವರಿಂದ ಕೋಳಿಮರಿ ಕೊಳ್ಳುವ ಮುನ್ನ ಹತ್ತು ಸಲ ವಿಚಾರಿಸಿರಿ.

ಕೋಳಿ ಕಾಳಗದ ಮಾತನ್ನೂ ಮುಚ್ಚಿಡುವುದು ಬೇಡ. ಅಸೀಲ್ ಇಷ್ಟು ಕಾಲ ಶುದ್ಧವಾಗಿ ಉಳಿದದ್ದು ಬಹುಮಟ್ಟಿಗೆ ಕಾಳಗದ ಹುಚ್ಚಿನವರಿಂದ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಪ್ರಾಣಿಗಳನ್ನು ಕಾದಾಡಿಸುವುದು ಅಪರಾಧ. ಜೂಜುಗಾರ ಇಡುವುದು ಒಂದು ಹುಂಜ. ಸೋತರೆ ಅದರ ವಂಶ ಅಲ್ಲಿಗೇ ಮುಗಿಯಿತು. ತಳಿಯನ್ನು ಜೂಜಿನ ಕೈಯಿಂದ ಬಿಡಿಸಿ ಹೆಣ್ಣುಮಕ್ಕಳ ಹಿತ್ತಲಿಗೆ ತರಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿ ಅದರ ಬೆಲೆ ಮಾಂಸದಿಂದ, ಮರಿಯಿಂದ, ಕಾವಿನಿಂದ.

ಹುಂಜದ ಲೆಕ್ಕ

ಈಗ ಒಂದು ಲೆಕ್ಕ. ಒಬ್ಬ ರೈತ ಒಂದು ಒಳ್ಳೆಯ ಅಸೀಲ್ ಹುಂಜ, ಹತ್ತು ಹೇಂಟೆ ತಂದು ಸಾಕುತ್ತಾನೆ. ಹನ್ನೊಂದು ಕೋಳಿ ಇವೆ ಎಂದು ಅವನು ತಿಳಿಯುತ್ತಾನೆ. ತಳಿ ಶಾಸ್ತ್ರದ ಲೆಕ್ಕದಲ್ಲಿ ಅವು ನಾಲ್ಕೂ ಅಲ್ಲ. ಹುಂಜದ ಸಂಖ್ಯೆಯನ್ನು ಹೇಂಟೆಯ ಸಂಖ್ಯೆಯಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ, ಒಟ್ಟು ಕೋಳಿಗಳಿಂದ ಭಾಗಿಸಬೇಕು. ನಲವತ್ತನ್ನು ಹನ್ನೊಂದರಿಂದ ಭಾಗಿಸಿದರೆ ಮೂರೂವರೆ ಚಿಲ್ಲರೆ. ಏಕೆಂದರೆ ಮುಂದಿನ ಮರಿಗಳೆಲ್ಲ ಒಂದೇ ತಂದೆಯ ಮಕ್ಕಳು. ಹೇಂಟೆಗಳನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದರೂ ಈ ಸಂಖ್ಯೆ 3.6ರಿಂದ 3.8ಕ್ಕೆ ಬರುತ್ತದೆ, ಅಷ್ಟೇ. ಹತ್ತೇ ಹೇಂಟೆಗೆ ಹುಂಜಗಳನ್ನು ಮೂರು ಮಾಡಿದರೆ 9ನ್ನು ದಾಟುತ್ತದೆ. ಹೇಂಟೆ ಕೂಡಿಸಿ ತಳಿ ಉಳಿಸಲಾಗದು, ಹುಂಜ ಕೂಡಿಸಬೇಕು.

ಒಂದೇ ಹುಂಜದ ಹಿಂಡಿನಲ್ಲಿ ಪ್ರತಿ ಪೀಳಿಗೆಗೂ ರಕ್ತಸಂಬಂಧ ಶೇಕಡಾ 14ರಷ್ಟು ಏರುತ್ತದೆ. ಮೂರು ನಾಲ್ಕು ಪೀಳಿಗೆಯಲ್ಲಿ ತತ್ತಿ ಒಡೆಯದೆ ಉಳಿಯುವುದು, ಕಾಲು ಸೊಟ್ಟಗಿರುವ ಮರಿ, ಬೆಳೆಯದ ಮರಿ ಇವು ಕಾಣತೊಡಗುತ್ತವೆ. ರೈತ ಕಾವಿನ ದೋಷ, ದೃಷ್ಟಿಯ ದೋಷ ಎಂದು ಹುಡುಕುತ್ತಾನೆ. ದೋಷವಿರುವುದು ಹುಂಜದ ಲೆಕ್ಕದಲ್ಲಿ.

ಹಾಗಾದರೆ ಮೂರು ಹುಂಜ ಇಡೋಣವೆಂದರೆ ಅಸೀಲ್ ಬಿಡುವುದಿಲ್ಲ. ಎರಡು ಬೆಳೆದ ಹುಂಜಗಳನ್ನು ಒಂದೇ ಹಿತ್ತಲಿನಲ್ಲಿ ಬಿಟ್ಟರೆ ಸಂಜೆಗೆ ಒಂದೇ ಉಳಿಯುತ್ತದೆ. ಆದುದರಿಂದ ಈ ಕೋಳಿಯನ್ನು ಒಬ್ಬನೇ ರೈತ ಉಳಿಸಲಾರ, ಐದು ಮನೆಗಳು ಕೂಡಿ ಉಳಿಸಬಹುದು. ಮನೆಗೆ ಒಂದು ಹುಂಜ, ಹತ್ತು ಹೇಂಟೆ ಇರಲಿ. ಹೇಂಟೆ ಮರಿಗಳು ಹುಟ್ಟಿದ ಮನೆಯಲ್ಲೇ ಉಳಿಯಲಿ. ಬೆಳೆಸಲು ಆರಿಸಿದ ಹುಂಜದ ಮರಿ ಮಾತ್ರ ಮೊದಲ ಮನೆಯಿಂದ ಎರಡನೆಯ ಮನೆಗೆ, ಎರಡನೆಯದರಿಂದ ಮೂರನೆಯದಕ್ಕೆ, ಐದನೆಯದರಿಂದ ತಿರುಗಿ ಮೊದಲನೆಯದಕ್ಕೆ ಹೋಗಲಿ. ಪ್ರತಿ ಪೀಳಿಗೆಗೂ ಇದೇ ದಿಕ್ಕು, ಬದಲಿಸಬಾರದು. ಐದು ಹುಂಜ, ಐವತ್ತು ಹೇಂಟೆಗಳನ್ನು ಒಂದೇ ಹಿಂಡೆಂದು ಲೆಕ್ಕ ಹಾಕಿದರೆ ಏರಿಕೆ ಶೇಕಡಾ 3ಕ್ಕಿಂತ ಕೆಳಗಿಳಿಯುತ್ತದೆ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ಒಂದು ನೋಟ್‌ಬುಕ್ಕು, ಕೋಳಿಯ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಸಾಕು.

ಹೊಸದಾಗಿ ಆರಂಭಿಸುವವರು ಮೊದಲ ಕೋಳಿಗಳನ್ನು ಸಂತೆಯಲ್ಲಿ ಕೊಳ್ಳಬಾರದು. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೋಳಿ ಸಂಶೋಧನಾ ನಿರ್ದೇಶನಾಲಯವು ಅಸೀಲ್, ಘಾಗಸ್, ಕಡಕನಾಥ ತಳಿಗಳನ್ನು ಕಾಯ್ದಿಟ್ಟಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಕಮಲಾಪುರದಿಂದ ಒಂದೇ ದಾರಿ. ವಿಚಾರಿಸಿ ಹೋಗಿರಿ.

ಹೇಂಟೆಯನ್ನು ಬೇರೆ ಹುಂಜ ಕೂಡಿದ್ದರೆ ಏನು ಮಾಡಬೇಕೆಂದು ಕೇಳುತ್ತಾರೆ. ಕೋಳಿಯ ದೇಹದಲ್ಲಿ ಒಂದು ವಿಶೇಷವಿದೆ: ಹುಂಜದ ವೀರ್ಯ ಹೇಂಟೆಯ ಒಡಲಲ್ಲಿ ಎರಡು ವಾರಕ್ಕೂ ಹೆಚ್ಚು ಜೀವಂತವಾಗಿ ಉಳಿಯಬಲ್ಲದು. ಇಂದು ಗಿರಿರಾಜ ಹುಂಜವನ್ನು ಮಾರಿ ನಾಳೆ ಅಸೀಲ್ ಹುಂಜ ತಂದರೆ ಮುಂದಿನ ವಾರದ ಮರಿ ಯಾರದೆಂದು ದೇವರೇ ಬಲ್ಲ. ಹೇಂಟೆಗಳನ್ನು ಮೂರು ವಾರ ಹುಂಜವಿಲ್ಲದೆ ಬೇರೆಯಾಗಿ ಇಡಬೇಕು. ಆ ತತ್ತಿಗಳನ್ನು ತಿನ್ನಿರಿ, ಮಾರಿರಿ, ಕಾವಿಗೆ ಮಾತ್ರ ಇಡಬೇಡಿರಿ. ನಂತರ ಹುಂಜವನ್ನು ಬಿಟ್ಟು ಹತ್ತು ದಿನ ಕಳೆದ ಮೇಲೆ ತತ್ತಿ ಕೂಡಿಡಲು ಆರಂಭಿಸಿರಿ. ಬೀಜದ ಹೊಲಕ್ಕೆ ದೂರದ ಅಂತರ ಬೇಕಾದರೆ ಕೋಳಿಗೆ ಕಾಲದ ಅಂತರ ಬೇಕು.

ತತ್ತಿ ಮತ್ತು ಕಾವು

ಕಾವಿಗಿಡುವ ತತ್ತಿ ಜೀವವಿರುವ ಬೀಜ. ಸುಮಾರು 24 ಡಿಗ್ರಿಗಿಂತ ಮೇಲಿನ ಶಾಖದಲ್ಲಿ ಅದರೊಳಗಿನ ಭ್ರೂಣ ಎಚ್ಚರಗೊಳ್ಳತೊಡಗುತ್ತದೆ. ಬೆಳೆಯಲು ಬೇಕಾದ 37.5 ಡಿಗ್ರಿ ಸಿಗದೆ ಅರೆಬರೆ ಬೆಳೆದು ಸಾಯುತ್ತದೆ. ಕಲಬುರಗಿಯ ಬೇಸಿಗೆ ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಪತ್ರಾಸಿನ ಮನೆಯ ಗೂಡಿನಲ್ಲಿ ಹತ್ತು ದಿನ ಇಟ್ಟ ತತ್ತಿ ಕಾವಿಗೆ ಕೂಡಿಸುವ ಮೊದಲೇ ಸತ್ತಿರುತ್ತದೆ. ಅದಕ್ಕೆ ಹೇಂಟೆಯನ್ನು ಬಯ್ಯುವುದು ನ್ಯಾಯವಲ್ಲ. ಮಣ್ಣಿನ ಅಗಲ ಪಾತ್ರೆಯಲ್ಲಿ ಮರಳು ತುಂಬಿ ನೀರು ಚಿಮುಕಿಸಿ, ಅದರೊಳಗೆ ಚಿಕ್ಕ ಮಡಕೆಯಿಟ್ಟು, ತತ್ತಿಗಳನ್ನು ಚೂಪು ತುದಿ ಕೆಳಗಾಗಿ ಜೋಡಿಸಿ, ತೆಳು ಬಟ್ಟೆ ಮುಚ್ಚಿರಿ. ನಮ್ಮ ಒಣ ಗಾಳಿಯಲ್ಲಿ ಈ ಮಡಕೆ ಚೆನ್ನಾಗಿ ತಂಪಾಗುತ್ತದೆ. ತತ್ತಿಯ ಮೇಲೆ ಪೆನ್ಸಿಲಿನಿಂದ ದಿನಾಂಕ ಬರೆಯಿರಿ. ಚಳಿಗಾಲದಲ್ಲಿ ಏಳು ದಿನಕ್ಕಿಂತ, ಬಿಸಿಲು ಏರಿದ ಮೇಲೆ ಮೂರು ನಾಲ್ಕು ದಿನಕ್ಕಿಂತ ಹಳೆಯದನ್ನು ಕಾವಿಗೆ ಇಡಬಾರದು. ಕೊಳೆಯಾದ ತತ್ತಿಯನ್ನು ತೊಳೆಯಬೇಡಿರಿ. ಚಿಪ್ಪಿನ ಮೇಲಿನ ರಕ್ಷಾಪದರ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ನಮ್ಮ ಕಡೆಗೆ ಮರಿ ಮಾಡಿಸಲು ತಕ್ಕ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಮಳೆಗಾಲದ ಮರಿಗಳಿಗೆ ರಕ್ತಭೇದಿ, ಬೇಸಿಗೆಯವಕ್ಕೆ ಬಿಸಿಲು ಮತ್ತು ಕೊಕ್ಕರೆ ರೋಗ.

ಹೇಂಟೆ ಗೂಡು ಬಿಟ್ಟೇಳದೆ, ಮೈ ಉಬ್ಬಿಸಿ, ಕೈ ಚಾಚಿದರೆ ಕುಕ್ಕಿ ಗುರುಗುಟ್ಟಿದರೆ ಕಾವಿಗೆ ಬಂದಿದೆ ಎಂದರ್ಥ. ಎರಡು ದಿನ ಹುಸಿ ತತ್ತಿಯ ಮೇಲೆ ಕೂಡಿಸಿ ಪರೀಕ್ಷಿಸಿರಿ. ನಂತರ ಕತ್ತಲಾದ ಮೇಲೆ ನಿಜವಾದ ತತ್ತಿಗಳನ್ನು ಇಡಿರಿ. ಬುಟ್ಟಿಯ ತಳದಲ್ಲಿ ಮಣ್ಣು, ಮೇಲೆ ಒಣ ಹುಲ್ಲು, ನಡುವೆ ಸ್ವಲ್ಪ ತಗ್ಗು ಇರಲಿ. ಮಧ್ಯಮ ಗಾತ್ರದ ಹೇಂಟೆಗೆ 10ರಿಂದ 12 ತತ್ತಿ ಸಾಕು. ರೆಕ್ಕೆಯ ಅಂಚಿನಿಂದ ಒಂದು ತತ್ತಿ ಹೊರಗಿಣುಕಿದರೂ ಅದೊಂದೇ ಕೆಡುವುದಿಲ್ಲ. ಹೇಂಟೆ ತತ್ತಿಗಳನ್ನು ಸರದಿಯಂತೆ ಹೊರಳಿಸುವುದರಿಂದ ಎಲ್ಲವೂ ಒಮ್ಮೊಮ್ಮೆ ತಣ್ಣಗಾಗುತ್ತವೆ. ಕೆಲವು ಮನೆಗಳಲ್ಲಿ ಬುಟ್ಟಿಯೊಳಗೆ ಕಬ್ಬಿಣದ ಮೊಳೆ, ಇದ್ದಿಲು ಇಡುವ ರೂಢಿಯಿದೆ. ಇಡಲಿ, ಹಾನಿಯೇನೂ ಇಲ್ಲ. ಆದರೆ ಅದಕ್ಕಿಂತ ಮೊದಲು ಹೇಂಟೆಯ ಮೈಯ ಹೇನು ನೋಡಿರಿ. ಹೇನು ಕಡಿಯುವ ಹೇಂಟೆ ನೆಮ್ಮದಿಯಿಂದ ಕೂಡದು. ದಿನಕ್ಕೊಮ್ಮೆ ಎದ್ದು ಬರುವ ಜಾಗದಲ್ಲಿ ಜೋಳದ ಕಾಳು, ತಣ್ಣೀರು, ಹೊರಳಾಡಲು ಬೂದಿ ಬೆರೆಸಿದ ಮಣ್ಣು ಇಟ್ಟರೆ ತಾನೇ ನೋಡಿಕೊಳ್ಳುತ್ತದೆ. ಹೇಂಟೆ ಭಾರವಾಗಿದ್ದರೆ ಎತ್ತರದಿಂದ ಜಿಗಿದು ತತ್ತಿ ಒಡೆದೀತು. ಬುಟ್ಟಿಯನ್ನು ನೆಲದ ಮೇಲೆಯೇ ಇಡಿರಿ.

ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ತತ್ತಿ ಹಿಡಿದು ನೋಡಿರಿ. ಜೇಡದ ಬಲೆಯಂತೆ ಕೆಂಪು ನರಗಳು ಕಂಡರೆ ಫಲಿತವಾಗಿದೆ. ಪೂರ್ತಿ ತಿಳಿಯಾಗಿದ್ದರೆ ಫಲಿತವಾಗಿಲ್ಲ, ತೆಗೆದುಬಿಡಿ. ಇಲ್ಲಿಯೂ ಐದು ಮನೆಯ ಕೂಟ ಉಪಯೋಗಕ್ಕೆ ಬರುತ್ತದೆ. ಮೂರು ಹೇಂಟೆಗಳನ್ನು ಒಂದೇ ರಾತ್ರಿ ಕೂಡಿಸಿದ್ದರೆ, ಏಳನೆಯ ದಿನ ಉಳಿದ ಒಳ್ಳೆಯ ತತ್ತಿಗಳನ್ನು ಎರಡರ ಕೆಳಗೆ ಸೇರಿಸಿ, ಮೂರನೆಯದಕ್ಕೆ ಹೊಸ ತತ್ತಿ ಇಡಬಹುದು. ಯಾವ ತತ್ತಿ ಯಾವ ಮನೆಯದೆಂದು ಚಿಪ್ಪಿನ ಮೇಲೆ ಗುರುತು ಮಾತ್ರ ತಪ್ಪಬಾರದು. ತಪ್ಪಿದರೆ ಹುಂಜದ ಸುತ್ತು ಕೆಡುತ್ತದೆ. ಹದಿನೆಂಟನೆಯ ದಿನದ ನಂತರ ಬುಟ್ಟಿಗೆ ಕೈ ಹಾಕಬೇಡಿರಿ. ಇಪ್ಪತ್ತೊಂದನೆಯ ದಿನ ಮರಿ ಚಿಪ್ಪು ಒಡೆಯುತ್ತದೆ. ತಡವಾದ ಮರಿಗೆ ಚಿಪ್ಪು ಬಿಡಿಸಿ ಸಹಾಯ ಮಾಡುವ ಅಭ್ಯಾಸ ಬಿಡಿರಿ. ತಾನೇ ಹೊರಬಾರದ ಮರಿಯಿಂದ ತಳಿ ಬೆಳೆಸುವುದು ಲೇಸಲ್ಲ.

ವಿದ್ಯುತ್ ಕಾವು ಪೆಟ್ಟಿಗೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 37.5 ಡಿಗ್ರಿ ಶಾಖ, ಮೊದಲ 18 ದಿನ ಶೇಕಡಾ 55ರಿಂದ 60 ಆರ್ದ್ರತೆ, ಕೊನೆಯ ಮೂರು ದಿನ 65ರಿಂದ 70. ಒಂದು ತಾಸು ವಿದ್ಯುತ್ ಹೋದರೆ ಗಾಬರಿ ಬೇಡ. ಹೇಂಟೆಯೂ ಎದ್ದು ಹೋಗುತ್ತದೆ. ಶಾಖ ಹೆಚ್ಚಾಗುವುದೇ ಅಪಾಯ. ಅಗ್ಗದ ಪೆಟ್ಟಿಗೆ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಮೇ ತಿಂಗಳ ಕೋಣೆಯಲ್ಲಿ 42 ಡಿಗ್ರಿ ಇದ್ದರೆ ಪೆಟ್ಟಿಗೆಯ ಸ್ವಿಚ್ಚು ಆರಿದ್ದರೂ ಭ್ರೂಣ ಸಾಯುತ್ತದೆ. ಇನ್ನು, ವರ್ಷವರ್ಷವೂ ಪೆಟ್ಟಿಗೆಯಲ್ಲೇ ಮರಿ ಮಾಡಿಸಿದರೆ ಕಾವಿಗೆ ಕೂಡದ ಹೇಂಟೆಯ ಮರಿಗಳೂ ಸಮನಾಗಿ ಉಳಿಯುತ್ತವೆ; ಕಾವಿನ ಗುಣ ತಾನಾಗಿ ಇಳಿಯುತ್ತದೆ. ಮಾರುವ ಮರಿಗೆ ಪೆಟ್ಟಿಗೆ ಇರಲಿ. ತಳಿಗೆ ಇಟ್ಟುಕೊಳ್ಳುವ ಮರಿ ಹೇಂಟೆಯ ಕೆಳಗೇ ಹುಟ್ಟಲಿ.

ಮರಿಗಳು

ಮೊದಲ ವಾರಗಳಲ್ಲಿ ಜೋಳದ ನುಚ್ಚು, ಜೊತೆಗೆ ಸಸಾರಜನಕಕ್ಕೆ ಗೆದ್ದಲು. ಸಗಣಿ ಮತ್ತು ಹುಲ್ಲು ತುಂಬಿದ ಮಡಕೆಗೆ ನೀರು ಚಿಮುಕಿಸಿ ಗೆದ್ದಲು ಇರುವಲ್ಲಿ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆ ಮರಿಗಳಿಗೆ ಊಟ ಸಿದ್ಧ. ದಾಲ್ ಮಿಲ್ಲಿನ ತೊಗರಿ ನುಚ್ಚು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಹಸಿ ತೊಗರಿಯಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿರುವುದರಿಂದ ಬೇಯಿಸಿ ಸ್ವಲ್ಪವೇ ಕೊಡಿರಿ. ತೊಗರಿ ಗಿಡ ಅಲ್ಲಾಡಿಸಿ ಕಾಯಿಕೊರಕ ಹುಳುಗಳನ್ನು ತಾಡಪತ್ರಿಯ ಮೇಲೆ ಬೀಳಿಸುವ ಪದ್ಧತಿಯನ್ನು ನಿಮ್ಮಲ್ಲಿ ಹಲವರು ಮಾಡಿದ್ದೀರಿ. ಆ ಹುಳುಗಳೆಲ್ಲ ಕೋಳಿಗೆ ಹಾಕುವಂಥವೇ. ಆದರೆ ಔಷಧಿ ಸಿಂಪಡಿಸಿದ ಹೊಲದ ಹುಳುವನ್ನು ಹಾಕಬಾರದು, ಆ ಹೊಲಕ್ಕೆ ಕೋಳಿ ಬಿಡಲೂ ಬಾರದು.

ಅಸೀಲ್ ಮರಿಗಳು ಒಂದು ತಿಂಗಳೊಳಗೇ ಕಾಲು ಕೆದರಿ ಜಗಳಕ್ಕೆ ನಿಲ್ಲುತ್ತವೆ. ಮೂರು ತಿಂಗಳಿಗೆ ಹುಂಜದ ಮರಿಗಳನ್ನು ಬೇರ್ಪಡಿಸಿರಿ. ಅತ್ಯಂತ ಜಗಳಗಂಟಿಯನ್ನೇ ತಳಿಗೆ ಇಡುವುದು ಕಾಳಗದವರ ರೂಢಿ. ನಮಗೆ ಬೇಕಾದುದು ಒಳ್ಳೆಯ ಮೈಕಟ್ಟು, ಒಳ್ಳೆಯ ಕಾಲು, ಮತ್ತು ಹನ್ನೆರಡರಲ್ಲಿ ಹತ್ತು ತತ್ತಿಯನ್ನಾದರೂ ಮರಿ ಮಾಡಿದ ತಾಯಿಯ ಮಗ.

ಲಸಿಕೆಯ ಮಾತಿಗೆ ಬರೋಣ. ಕೊಕ್ಕರೆ ರೋಗ ಬಂದರೆ ಒಂದು ವಾರದಲ್ಲಿ ಊರಿನ ಕೋಳಿಯೆಲ್ಲ ಹೋಗುತ್ತವೆ. ನಿಮ್ಮ ಹುಂಜದ ಲೆಕ್ಕವೂ ಅದರ ಜೊತೆಗೆ. ಮೊದಲ ವಾರದಲ್ಲಿ ಲಸೋಟಾ ಒಂದು ಹನಿ ಕಣ್ಣಿಗೆ, ಎಂಟನೆಯ ವಾರದ ಸುಮಾರಿಗೆ ಆರ್‌ಟುಬಿ ಚುಚ್ಚುಮದ್ದು. ಗುಂಬೋರೊ, ಸಿಡುಬಿನ ಲಸಿಕೆಗಳ ದಿನವನ್ನು ಪಶು ಆಸ್ಪತ್ರೆಯಲ್ಲಿ ಗೊತ್ತುಮಾಡಿಕೊಳ್ಳಿರಿ. ಜನ ಲಸಿಕೆ ಹಾಕಿಸದಿರಲು ಕಾರಣ ಸೋಮಾರಿತನವೆಂದು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಒಂದು ಸೀಸೆ ನೂರು ಕೋಳಿಗೆ ಆಗುವಂಥದು. ಕದಡಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹತ್ತು ಮರಿ ಇರುವ ತಾಯಿ ಅದನ್ನು ಕೊಂಡು ತೊಂಬತ್ತು ಪಾಲು ಚೆಲ್ಲುವುದಾದರೂ ಹೇಗೆ? ಐದು ಮನೆಯವರು ಒಂದೇ ಅಮಾವಾಸ್ಯೆಗೋ ಹುಣ್ಣಿಮೆಗೋ ಹೇಂಟೆಗಳನ್ನು ಕೂಡಿಸಿದರೆ ಮರಿಗಳೆಲ್ಲ ಒಂದೇ ವಯಸ್ಸಿನವಾಗುತ್ತವೆ, ಒಂದು ಸೀಸೆ ಒಂದೇ ಬೆಳಿಗ್ಗೆ ಮುಗಿಯುತ್ತದೆ. ಕಲಬುರಗಿಯಿಂದ ತರುವವರು ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆಯಿಟ್ಟು ತರಬೇಕು. ಮಧ್ಯಾಹ್ನದ ಬಸ್ಸು ಬೇಡ, ಬೆಳಗಿನ ಮೊದಲ ಬಸ್ಸಿಗೆ ಬನ್ನಿರಿ. ಬಂದ ಕೂಡಲೇ ಐದೂ ಮನೆಯ ಮರಿಗಳನ್ನು ಬುಟ್ಟಿಯಲ್ಲಿ ಮುಚ್ಚಿ ಒಂದೇ ಅಂಗಳಕ್ಕೆ ತಂದಿರುವಂತೆ ಹಿಂದಿನ ರಾತ್ರಿಯೇ ಹೇಳಿಟ್ಟಿರಿ.